ಬೆಂಕಿ ಬಂಡಿಯ ಬಾಯಾರಿಕೆ



ಚಿತ್ರದುರ್ಗದ ಕೋಟೆಯ ಹೊಂಡಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕುಳಿತ ದಿನವೇ ಹಿರಿಯೂರಿನಿಂದ ದೂರವಾಣಿ ಕರೆಯೊಂದು ಬಂದಿತು. ಹೆದ್ದಾರಿಯ ಬದಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟುಕೊಂಡಿರುವ ಹಳೆಯ ಶಿಷ್ಯನೊಬ್ಬನ ಕರೆ ಅದು. "ಸಾರ್, ಗುಜರಿಗೆ ಹೋಗ್ತಿದ್ದ ಒಂದು ಹಳೇ ಫೈರ್ ಇಂಜಿನ್ ತಂದು ನಿಲ್ಲಿಸಿದೀನಿ. ಕ್ಲಾಸಲ್ಲಿ ನಿಮ್ಮ ಚಿಕ್ಕಪ್ಪನವರ ಗಾಡಿ ವಿಷಯ ಹೇಳ್ತಿದ್ರಲ್ಲ, ಅದೇ ಇರಬೇಕು ಅಂತ ಅನುಮಾನ. ಒಂದ್ಸಲ ಬಂದು ನೋಡಿ" ಎಂದ. ಹೊಂಡಗಳ ಲೇಖನ ಅಲ್ಲಿಗೇ ನಿಂತಿತು. ಕೊನೆಗೆ ನೋಡಿದರೆ, ಎರಡೂ ಒಂದೇ ವಿಷಯವಾಗಿತ್ತು. ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಹೊಸದುರ್ಗದಲ್ಲಿಯೂ ಹೊಳಲ್ಕೆರೆಯಲ್ಲಿಯೂ ನನ್ನ ಚರಿತ್ರೆಯ ಪಾಠ ಕೇಳಿದವರಿಗೆ ನನ್ನ ಚಿಕ್ಕಪ್ಪನ ನೆನಪಿರಬಹುದು. ಅವರು ಜಿಲ್ಲೆಯ ಒಂದು ಹತ್ತಿ ಗಿರಣಿಯಲ್ಲಿ ಬೆಂಕಿ ಆರಿಸುವ ಬಂಡಿಯ ಚಾಲಕರಾಗಿದ್ದರು. ತರಗತಿಯಲ್ಲಿ ನಿದ್ರೆ ತೂಗುವವರನ್ನು ಎಚ್ಚರಿಸಲು ಅವರ ಗಂಟೆ, ಹಿತ್ತಾಳೆಯ ಶಿರಸ್ತ್ರಾಣ, ಕೆಂಪು ಬಣ್ಣ ಇವುಗಳ ಕಥೆಯನ್ನು ಹೇಳುತ್ತಿದ್ದೆ. ಆದರೆ ಆ ಕಥೆಯ ಅರ್ಧವನ್ನು ಮಾತ್ರ ಹೇಳಿದ್ದೆ. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ.

ಹಿರಿಯೂರಿಗೆ ಹೋಗಿ ನೋಡಿದಾಗ ಗುರುತಿಸಲು ಕಷ್ಟವಾಗಲಿಲ್ಲ. ಮುಂದಿನ ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರವಿತ್ತು. ಜಮ್‌ಶೆಡ್‌ಪುರದಲ್ಲಿ 1954ರಿಂದ ತಯಾರಾಗುತ್ತಿದ್ದ ಟಾಟಾ-ಮರ್ಸಿಡಿಸ್ ಬೆಂಜ್ ಲಾರಿಗಳ ಗುರುತು ಅದು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದವರ ಅಕ್ಷರ ಬಂದಿತು. ಸಂಖ್ಯಾಫಲಕದಲ್ಲಿ ಎಂ.ವೈ. ಎಂಬ ಅಕ್ಷರಗಳು ಮಾಸಿ ಕಾಣುತ್ತಿದ್ದವು. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು ಎಂದಿದ್ದುದಕ್ಕೆ ಆ ಎರಡು ಅಕ್ಷರಗಳೇ ಸಾಕ್ಷಿ. ಚಾಲಕನ ಬಾಗಿಲಿನ ಒಳಬದಿಯಲ್ಲಿ ಚಿಕ್ಕಪ್ಪ ಎಲೆಯಡಿಕೆಯ ಚೀಲ ನೇತುಹಾಕುತ್ತಿದ್ದ ಕೊಕ್ಕೆಯೂ ಹಾಗೆಯೇ ಇತ್ತು.

ಗಿರಣಿಗೆ ಸ್ವಂತ ಬೆಂಕಿ ಬಂಡಿ ಏಕೆ ಬೇಕಿತ್ತೆಂದು ಇಂದಿನವರು ಕೇಳಬಹುದು. ಆಗ ದಾವಣಗೆರೆಯೂ ನಮ್ಮ ಜಿಲ್ಲೆಯಲ್ಲಿಯೇ ಇತ್ತು. ಅದು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಹತ್ತಿಯ ಕಾರ್ಖಾನೆಗಳಿಗೆ ಹೆಸರಾದ ಸೀಮೆ ನಮ್ಮದು. ಹತ್ತಿಯ ಬೆಂಕಿಗೆ ಒಂದು ಕೆಟ್ಟ ಗುಣವಿದೆ. ಮೇಲೆ ಆರಿದಂತೆ ಕಂಡರೂ ಅಂಡಿಗೆಯ ಒಳಗೆ ಕೆಂಡವಾಗಿ ಗಂಟೆಗಟ್ಟಲೆ ಕುಳಿತಿರುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕೀನ್ ಎಂಬ ಹಡಗು ಸಿಡಿದ ದುರಂತದ ಮೂಲವೂ ಇದೇ. ಹತ್ತಿಯನ್ನೂ ಸ್ಫೋಟಕಗಳನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರು. ಅಗ್ನಿಶಾಮಕರು ಗಂಟೆಗಟ್ಟಲೆ ನೀರು ಸುರಿದರೂ ಹತ್ತಿಯೊಳಗಿನ ಬೆಂಕಿ ಆರಲಿಲ್ಲ. ಸ್ಫೋಟದಲ್ಲಿ 66 ಮಂದಿ ಅಗ್ನಿಶಾಮಕರು ಪ್ರಾಣ ಕೊಟ್ಟರು. ಆ ದಿನವನ್ನೇ ಇಂದಿಗೂ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಪ್ರತ್ಯೇಕ ಕಾಯಿದೆ ಬಂದದ್ದು 1964ರಲ್ಲಿ. ಆ ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಬಣವೆಗೆ ಬೆಂಕಿ ಬಿದ್ದರೆ, ಹತ್ತಿರದಲ್ಲಿದ್ದ ಗಿರಣಿಯ ಬಂಡಿಯನ್ನೇ ಕರೆಯುತ್ತಿದ್ದರು.

ಹತ್ತಿಯಾಗಲಿ ಬಣವೆಯಾಗಲಿ, ಬೆಂಕಿ ಆರಿಸುವುದೆಂದರೆ ಬಂಡಿ ಒಂದೇ ಕಡೆ ನಿಂತು ಬಹಳ ಹೊತ್ತು ನೀರೆತ್ತಬೇಕು. ಕಷ್ಟವಿರುವುದು ಇಲ್ಲಿಯೇ. ಲಾರಿ ರಸ್ತೆಯ ಮೇಲೆ ಓಡುವಾಗ ಎದುರುಗಾಳಿ ರೇಡಿಯೇಟರಿಗೆ ಬಡಿದು ಇಂಜಿನ್ನಿನ ನೀರನ್ನು ತಣಿಸುತ್ತದೆ. ಬೆಂಕಿಯ ಬಳಿ ನಿಂತ ಬಂಡಿಗೆ ಆ ಗಾಳಿ ಇಲ್ಲ. ಇಂಜಿನ್ನು ಮಾತ್ರ ಘಟ್ಟ ಹತ್ತುವಾಗಿನಂತೆ ದುಡಿಯುತ್ತಿರುತ್ತದೆ. ಫ್ಯಾನಿನ ಗಾಳಿಯೊಂದೇ ಸಾಲದು. ಆದ್ದರಿಂದ ಬೆಂಕಿ ಬಂಡಿಗಳಲ್ಲಿ ಒಂದು ಉಪಾಯ ಮಾಡಿರುತ್ತಾರೆ. ಪಂಪು ಎಸೆಯುವ ನೀರಿನಲ್ಲಿ ಒಂದಿಷ್ಟನ್ನು ಬೆರಳಿನಷ್ಟು ದಪ್ಪದ ತಾಮ್ರದ ಕೊಳವೆಯಲ್ಲಿ ಕದ್ದು ತರುತ್ತಾರೆ. ಅದು ಒಂದು ಜಾಲರಿಯ ಮೂಲಕ ಸೋಸಿ, ಸುರುಳಿಯೊಂದರಲ್ಲಿ ಸುತ್ತಿ ಹೊರಗೆ ಹೋಗುತ್ತದೆ. ಸುರುಳಿಯ ಹೊರಗೆ ಇಂಜಿನ್ನಿನ ಬಿಸಿ ನೀರು, ಒಳಗೆ ಕೆರೆಯ ತಣ್ಣೀರು. ಎರಡೂ ಬೆರೆಯುವುದಿಲ್ಲ, ಶಾಖ ಮಾತ್ರ ಕೈ ಬದಲಾಯಿಸುತ್ತದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಇದಕ್ಕೆ ಕೂಲಿಂಗ್ ಲೈನ್ ಎಂದು ಹೆಸರು. ಈ ಬಂಡಿಯಲ್ಲಿ ಸುರುಳಿಯಿಂದ ಬಂದ ನೀರು ಚಾಸಿಯ ಕೆಳಗೆ ಸಣ್ಣ ಧಾರೆಯಾಗಿ ನೆಲಕ್ಕೆ ಬೀಳುತ್ತದೆ. ಊರಿನ ದಾಹ ತಣಿಸಲು ಬಂದವನೂ ಒಂದು ಗುಟುಕು ಕುಡಿಯದಿದ್ದರೆ ನಿಂತಲ್ಲೇ ಬೀಳುತ್ತಾನೆ.

ಈಗ ಆ ಉಳಿದರ್ಧ ಕಥೆ.

1968ರ ಬೇಸಿಗೆ. ನನಗಾಗ ಹತ್ತೊಂಬತ್ತು ವರ್ಷ. ಹೊಳಲ್ಕೆರೆ ಮತ್ತು ಹೊಸದುರ್ಗಗಳ ನಡುವಿನ ಒಂದು ಹಳ್ಳಿಯಲ್ಲಿ ನಮ್ಮ ನಂಟರ ಮನೆಗೆ ರಜೆಗೆ ಹೋಗಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಣದಲ್ಲಿದ್ದ ರಾಗಿ ಹುಲ್ಲಿನ ಬಣವೆಗೆ ಬೆಂಕಿ ಹತ್ತಿತು. ಗಾಳಿ ಊರಿನ ಕಡೆಗೇ ಬೀಸುತ್ತಿತ್ತು. ಸೈಕಲ್ಲಿನಲ್ಲಿ ಹೋದವರು ಕರೆತಂದದ್ದು ನಮ್ಮ ಚಿಕ್ಕಪ್ಪನ ಬಂಡಿಯನ್ನೇ. ಬಂಡಿಯ ತೊಟ್ಟಿಯ ನೀರು ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಕೆರೆಯ ಅಂಚಿಗೆ ಬಂಡಿಯನ್ನು ಇಳಿಸಿ, ದಪ್ಪ ಹೀರುಕೊಳವೆಯನ್ನು ನೀರಿಗೆ ಬಿಟ್ಟು ಪಂಪು ಶುರುಮಾಡಿದರು. ನೀರು ಚಿಮ್ಮಿದಾಗ ಜನ ಹೋ ಎಂದು ಕೂಗಿದರು. ಒಂದು ಬಣವೆ ಆರಿತು. ಎರಡನೆಯದು ಆರುತ್ತಿತ್ತು.

ಆಗ ಚಿಕ್ಕಪ್ಪ ಮತ್ತೆ ಮತ್ತೆ ಬಾಗಿ ಬಂಡಿಯ ಕೆಳಗೆ ಇಣುಕಿ ನೋಡತೊಡಗಿದರು. ಒಮ್ಮೆ ಮಂಡಿಯೂರಿ ಕುಳಿತು ನೋಡಿದರು. "ಬೆಂಕಿ ಅಲ್ಲಿದ್ರೆ ಈವಯ್ಯ ಗಾಡಿ ಬುಡ ನೋಡ್ತಾನಲ್ಲೋ" ಎಂದು ಯಾರೋ ಅಂದರು. ಸ್ವಲ್ಪ ಹೊತ್ತಿಗೆ ರೇಡಿಯೇಟರಿನಿಂದ ಹಬೆ ಎದ್ದಿತು. ಚಿಕ್ಕಪ್ಪ ಇಂಜಿನ್ನನ್ನು ನಿಲ್ಲಿಸಿಬಿಟ್ಟರು. ಕೈಯಲ್ಲಿದ್ದ ಕೊಳವೆಗಳು ಸೊರಗಿ ನೆಲಕ್ಕೆ ಬಿದ್ದವು. ಅದು ತಣ್ಣಗಾಗಿ ಮತ್ತೆ ಶುರುವಾಗುವಷ್ಟರಲ್ಲಿ ನಾಲ್ಕು ಗುಡಿಸಲುಗಳೂ ಒಂದು ಕೊಟ್ಟಿಗೆಯೂ ಸುಟ್ಟುಹೋಗಿದ್ದವು. ಮನುಷ್ಯರಿಗೆ ಏನೂ ಆಗಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು.

"ಹೆದರಿ ಬಂದ್ ಮಾಡ್ದ" ಎಂದು ಊರು ಮಾತಾಡಿತು. ನಾನು ಸುಮ್ಮನಿದ್ದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸಂಜೆ ಎಲ್ಲರೆದುರಿಗೆ, "ಯಾಕೆ ನಿಲ್ಲಿಸಿದಿರಿ ಚಿಕ್ಕಪ್ಪ? ಇನ್ನೊಂದು ಹತ್ತು ನಿಮಿಷ ಆಗ್ತಿರಲಿಲ್ವಾ?" ಎಂದು ಕೇಳಿದವನು ನಾನೇ. ಅವರು ನನ್ನ ಮುಖ ನೋಡಿ, "ಇಂಜಿನ್ ಹಿಡ್ಕೊಂಡುಬಿಟ್ರೆ ನಾಳೆ ಇನ್ನೊಂದೂರಿಗೆ ಏನ್ ಹೇಳ್ಲಪ್ಪ?" ಎಂದರು. ನನಗೆ ಅದು ನೆಪವಾಗಿ ಕೇಳಿಸಿತು. ಆ ಮಾತನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ. ಅವರು ತೀರಿಕೊಂಡು ಮೂವತ್ತು ವರ್ಷಗಳಾದವು.

ಇಲ್ಲಿ ನೀರಿನ ಚರಿತ್ರೆಗೆ ಬರಬೇಕು. ನಮ್ಮದು ಮಳೆಯ ನೆರಳಿನ ಸೀಮೆ. ಅದರಲ್ಲೂ ಹಿರಿಯೂರು, ಚಳ್ಳಕೆರೆಗಳ ಕಡೆ ಮಳೆ ಬಹಳ ಕಡಿಮೆ. ನಾಯಕರು ಇದನ್ನು ಬಲ್ಲವರಾಗಿದ್ದರು. ಚಿತ್ರದುರ್ಗದ ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅಲ್ಲಿ ತುಂಬಿದ್ದು ಅಕ್ಕ ತಂಗಿ ಹೊಂಡಕ್ಕೆ, ಹಾಗೆಯೇ ಇಳಿಯುತ್ತ ಸಿಹಿನೀರು ಹೊಂಡ, ಕೊನೆಗೆ ಪೇಟೆಯ ಸಂತೆ ಹೊಂಡ. ಹೀಗೆ ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯುವ ವ್ಯವಸ್ಥೆ. ಅದೇ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ಕಲ್ಲುಗಳೂ ಇವೆ. ಸಿಡಿಮದ್ದನ್ನು ಅರೆಯುವವರಿಗೆ ನೀರಿನ ಬೆಲೆ ಗೊತ್ತಿರಲೇಬೇಕು. 1779ರಲ್ಲಿ ಹೈದರಾಲಿ ಕೋಟೆಯನ್ನು ವಶಪಡಿಸಿಕೊಂಡ ಕಥೆಯನ್ನು ನೀವೆಲ್ಲ ಓದಿದ್ದೀರಿ. ಸಿಹಿನೀರು ಎಂದು ಒಂದು ಹೊಂಡಕ್ಕೆ ಹೆಸರಿಟ್ಟರೆಂದರೆ, ಎಲ್ಲ ನೀರೂ ಒಂದೇ ಅಲ್ಲವೆಂದು ಅವರಿಗೆ ತಿಳಿದಿತ್ತೆಂದು ಅರ್ಥ. ಈ ಒಂದು ಮಾತನ್ನು ಮಾತ್ರ ನೆನಪಿಡಿ.

ಮೈಸೂರು ಸಂಸ್ಥಾನದವರು ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಲು 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದರು. ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಅದಕ್ಕಿಟ್ಟರು. 130 ಅಡಿ ತುಂಬುವ ಆ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಒಂದು ಜಲಾಶಯ ತುಂಬಲು ಒಬ್ಬ ಮನುಷ್ಯನ ಆಯುಷ್ಯವೇ ಬೇಕಾದ ನಾಡು ನಮ್ಮದು.

ಇಂಥ ನಾಡಿನಲ್ಲಿ ಬೆಂಕಿ ಬೀಳುವುದು ಯಾವಾಗ? ಸುಗ್ಗಿ ಮುಗಿದು ಹುಲ್ಲು ಒಣಗಿ ಬಣವೆಯಾದ ಮೇಲೆ, ಶಿವರಾತ್ರಿಯಿಂದ ಮುಂಗಾರಿನವರೆಗೆ. ಕೆರೆಗಳು ತಳ ಕಂಡಿರುವುದೂ ಆಗಲೇ. ಬಾವಿಯಲ್ಲಿ ನೀರಿದೆಯಲ್ಲ ಎನ್ನಬಹುದು. ಆದರೆ ಪಂಪು ನೀರನ್ನು ಎಳೆಯುವುದಿಲ್ಲ. ಒಳಗಿನ ಗಾಳಿಯನ್ನು ತೆಗೆದಾಗ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಆ ಒತ್ತಡ ಎತ್ತಬಲ್ಲದ್ದು ಹೆಚ್ಚೆಂದರೆ 10 ಮೀಟರಿನಷ್ಟು. ಚಿತ್ರದುರ್ಗ ಇರುವುದು ಸುಮಾರು 730 ಮೀಟರ್ ಎತ್ತರದಲ್ಲಿ. ಇಲ್ಲಿ ಲೆಕ್ಕಕ್ಕೇ ಒಂಬತ್ತೂವರೆ ಮೀಟರು, ಕೈಗೆ ದಕ್ಕುವುದು ಏಳೆಂಟು ಮಾತ್ರ. ಬೇಸಿಗೆಯಲ್ಲಿ ನಮ್ಮ ಬಾವಿಗಳ ನೀರು ಅದಕ್ಕಿಂತ ಕೆಳಗಿರುತ್ತಿತ್ತು. ಉಳಿದದ್ದು ಕೆರೆಯ ತಳದ ರಾಡಿ. ಅದೇ ಎತ್ತರದ ಕಾರಣಕ್ಕೆ ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ, ಸುಮಾರು 97-98 ಡಿಗ್ರಿಗೇ ಕುದಿಯುತ್ತದೆ. ಬೆಂಕಿಗೆ ಅತ್ಯಂತ ಹೆಚ್ಚು ನೀರು ಬೇಕಾದ ತಿಂಗಳಿನಲ್ಲಿ ಬಂಡಿಗೆ ಸಿಗುತ್ತಿದ್ದದ್ದು ಅತ್ಯಂತ ಕೆಟ್ಟ ನೀರು. ಆ ರಾಡಿಯನ್ನೇ ಬೆರಳು ದಪ್ಪದ ತಾಮ್ರದ ಕೊಳವೆ ಕುಡಿಯಬೇಕಿತ್ತು.

ಗ್ಯಾರೇಜಿನಲ್ಲಿ ಶಿಷ್ಯನೊಡನೆ ಮೂರು ದಿನ ಕುಳಿತು ಅದರ ದುರಸ್ತಿಯನ್ನು ನೋಡಿದೆ. ಮೊದಲು ಅವನು ಜಾಲರಿಯ ಮುಚ್ಚಳ ಬಿಚ್ಚಿದ. ಒಳಗೆ ಇಟ್ಟಿಗೆಯಂತೆ ಗಟ್ಟಿಯಾದ ಕಪ್ಪು ಮಣ್ಣು, ಕೊಳೆತ ಜೊಂಡಿನ ನಾರು, ಅವುಗಳ ನಡುವೆ ಉಗುರಿನಷ್ಟು ದೊಡ್ಡ ಒಂದು ಬಸವನಹುಳುವಿನ ಚಿಪ್ಪು. ಕೆರೆಯೊಂದರ ತಳವನ್ನೇ ಕತ್ತರಿಸಿ ಇಟ್ಟಂತಿತ್ತು. ಇಂಜಿನ್ನಿನ ನೀರು ಸುತ್ತುವ ದಾರಿಯಲ್ಲಿ ಬೇರೆ ಕಥೆ. ನಮ್ಮ ಕಡೆಯ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ್ದರಿಂದ ಒಳಗೆಲ್ಲ ಬಿಳಿಯ ಸುಣ್ಣದ ಪದರ ಕಟ್ಟಿತ್ತು. ಬಚ್ಚಲಿನ ಹಂಡೆಯ ಒಳಗೆ ನೀವು ನೋಡಿರುವುದು ಅದನ್ನೇ. ಆ ಪದರ ಶಾಖವನ್ನು ಹೊರಗೆ ಬಿಡದೆ ಕಂಬಳಿಯಂತೆ ತಡೆಯುತ್ತದೆ. ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ಒಂದು ರಾತ್ರಿ ತುಂಬಿಟ್ಟ. ಬೆಳಿಗ್ಗೆ ಸುಣ್ಣ ನೊರೆಯಾಗಿ ಕರಗಿ ಬಂದಿತು. "ನಮ್ಮವ್ವ ಹುಣಸೆಹಣ್ಣಲ್ಲಿ ತಾಮ್ರದ ಕೊಡ ಬೆಳಗ್ತಿದ್ಲಲ್ಲ ಸಾರ್, ಅದೇ ವಿದ್ಯೆ" ಎಂದು ನಕ್ಕ.

ಕೊಳವೆಯ ಒಂದು ತುಂಡು ಅಲುಗಾಟಕ್ಕೆ ಬಿರುಕು ಬಿಟ್ಟಿತ್ತು. ತಾಮ್ರ ಅಲುಗಿ ಅಲುಗಿ ಗಡುಸಾಗುತ್ತದೆ, ಗಡುಸಾದದ್ದು ಸೀಳುತ್ತದೆ. ಉಳಿದ ಕೊಳವೆಯನ್ನು ಅವನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ. ಉಕ್ಕನ್ನು ಹಾಗೆ ಮಾಡಿದರೆ ಇನ್ನೂ ಗಡುಸಾಗುತ್ತದೆ. ತಾಮ್ರ ಮಾತ್ರ ಮೆತ್ತಗಾಗುತ್ತದೆ. ಹೊಸ ತುಂಡನ್ನು ಬಾಗಿಸುವ ಮೊದಲು ಒಳಗೆ ಒಣ ಮರಳನ್ನು ತುಂಬಿ ಎರಡೂ ತುದಿ ಮುಚ್ಚಿದ. ಹಾಗೆ ಮಾಡಿದರೆ ಬಾಗಿದ ಕಡೆ ಅಪ್ಪಚ್ಚಿಯಾಗುವುದಿಲ್ಲ. ಆಮೇಲೆ ಹಿತ್ತಾಳೆಯ ಬೆಸುಗೆ ಹಾಕಿ, ಒಂದು ತುದಿಯನ್ನು ಮುಚ್ಚಿ, ಕೈಪಂಪಿನಿಂದ ನೀರು ಒತ್ತಿ, ಎಲ್ಲಿಯೂ ಹನಿ ಜಿನುಗದಿರುವುದನ್ನು ನೋಡಿಕೊಂಡ. ಸತ್ತುಹೋಗಿದ್ದ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿದ.

"ಬಣ್ಣ ಬಳಿದು ನಿಲ್ಲಿಸಿದರೆ ಸಾಲದೇನಯ್ಯಾ?" ಎಂದು ಕೇಳಿದೆ. "ಓಡದಿದ್ರೆ ಅದು ಗೊಂಬೆ ಸಾರ್" ಎಂದ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ನಾನು ಕಂಡ ಒಂದು ಬಂಡಿ ನೆನಪಾಯಿತು. ಇಂಗ್ಲೆಂಡಿನ ಜಾನ್ ಮಾರಿಸ್ ಕಂಪನಿಯವರು 1914ರಲ್ಲಿ ಮಾಡಿದ್ದು. ಹೈದರಾಬಾದಿನ ನಿಜಾಮರ ರೈಲ್ವೆಯ ಸೇವೆಯಲ್ಲಿದ್ದದ್ದು. ನಮ್ಮ ಕಲಬುರಗಿ ಸೀಮೆಯ ವಾಡಿಯಿಂದ ಹೊರಡುತ್ತಿದ್ದ ರೈಲ್ವೆ ಅದು. ಗಟ್ಟಿ ರಬ್ಬರಿನ ಚಕ್ರಗಳ ಆ ಮುದಿ ಬಂಡಿಯನ್ನು ಇಂಜಿನ್ ಸಮೇತ ಜೀವಂತವಾಗಿ ಉಳಿಸಿಕೊಂಡು, ದೆಹಲಿಯ ಹಳೆಯ ಮೋಟಾರುಗಳ ಮೆರವಣಿಗೆಯಲ್ಲಿ ಓಡಿಸಿದ್ದಾರೆ. ನನ್ನ ಶಿಷ್ಯ ಹೇಳಿದ್ದೂ ಇದನ್ನೇ.

ನಾಲೆಯಲ್ಲಿ ನೀರು ಬಿಟ್ಟಿದ್ದ ದಿನಗಳವು. ನಾಲ್ಕನೆಯ ದಿನ ಬೆಳಿಗ್ಗೆ ಬಂಡಿಯನ್ನು ವಾಣಿವಿಲಾಸದ ನಾಲೆಯ ಏರಿಗೆ ತಂದು ನಿಲ್ಲಿಸಿದೆವು. ಹೀರುಕೊಳವೆ ನೀರಿಗಿಳಿಯಿತು. ಇಂಜಿನ್ನಿನ ಸದ್ದು ಏರಿತು. ಕೊಳವೆಯ ಬಾಯಿಂದ ನೀರು ತೆಂಗಿನ ಮರಗಳೆತ್ತರಕ್ಕೆ ಚಿಮ್ಮಿ ಮಕ್ಕಳೆಲ್ಲ ಅದರ ಕೆಳಗೆ ಓಡಿದರು. ಶಿಷ್ಯ ಮಾತ್ರ ಆ ಕಡೆ ನೋಡಲೇ ಇಲ್ಲ. ಅವನು ಬಾಗಿ, ಮಂಡಿಯೂರಿ, ಬಂಡಿಯ ಕೆಳಗೆ ಇಣುಕಿದ.

"ಏನು ನೋಡ್ತಿದ್ದೀಯೋ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಧಾರೆ ಬರ್ತಾ ಇದೆಯಾ ಅಂತ ಸಾರ್. ಕೆಳಗೆ ನೀರು ಬಿದ್ರೆ ಕೂಲಿಂಗ್ ಲೈನ್ ಕುಡೀತಾ ಇದೆ ಅಂತ ಲೆಕ್ಕ. ಬೀಳ್ಲಿಲ್ಲ ಅಂದ್ರೆ ಹತ್ತಿಪ್ಪತ್ತು ನಿಮಿಷದಲ್ಲಿ ಇಂಜಿನ್ ಹೋಯ್ತು ಅಂತಾನೇ."

ನಾನೂ ಬಾಗಿ ನೋಡಿದೆ. ಕಿರುಬೆರಳಿನಷ್ಟು ದಪ್ಪದ ನೀರಿನ ಧಾರೆ ನೆಲಕ್ಕೆ ಬೀಳುತ್ತಿತ್ತು. 1968ರ ಆ ಮಧ್ಯಾಹ್ನ ಚಿಕ್ಕಪ್ಪ ಹುಡುಕಿದ್ದು ಇದನ್ನೇ. ಅವರು ಬೆಂಕಿಗೆ ಬೆನ್ನು ತೋರಿಸಲಿಲ್ಲ. ಇಲ್ಲದ ಧಾರೆಯನ್ನು ಕಾಯುತ್ತಿದ್ದರು. ಬಾರದೆಂದು ಖಚಿತವಾದ ಮೇಲೂ, ಹಬೆ ಏಳುವವರೆಗೆ ಇಂಜಿನ್ನನ್ನು ದುಡಿಸಿದರು. ಅವರು ಹೆದರಿದ್ದರೆ ಧಾರೆ ಕಾಣದ ಕ್ಷಣವೇ ನಿಲ್ಲಿಸಬೇಕಿತ್ತು.

ಚರಿತ್ರೆಯ ಮೇಷ್ಟ್ರಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಜಾಲರಿಯಲ್ಲಿ ಸಿಕ್ಕ ಮಣ್ಣು ಆ ಹಳ್ಳಿಯ ಕೆರೆಯದೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಬಂಡಿ ಆಮೇಲೆಯೂ ಹಲವು ವರ್ಷ ದುಡಿಯಿತು, ಹಲವು ಕೆರೆಗಳ ನೀರು ಕುಡಿಯಿತು. ಹಾಗೆ ದುಡಿಯಲು ಸಾಧ್ಯವಾದದ್ದು ಅಂದು ಅವರು ನಿಲ್ಲಿಸಿದ್ದರಿಂದ ಎಂಬುದನ್ನು ಮಾತ್ರ ಧೈರ್ಯವಾಗಿ ಬರೆಯಬಲ್ಲೆ. ಇನ್ನೊಂದೂರಿಗೆ ಏನು ಹೇಳಲಿ ಎಂಬ ಅವರ ಮಾತು ನೆಪವಾಗಿರಲಿಲ್ಲ. ಆ ಎತ್ತುಗಳ ಮನೆಯವರಿಗೆ ಇದರಿಂದ ಸಮಾಧಾನವಾಗದೆಂಬುದೂ ನನಗೆ ಗೊತ್ತು.

ಇನ್ನೊಂದು ಸಂಗತಿಯೂ ನೆನಪಿಗೆ ಬರುತ್ತಿದೆ. ಪ್ರತಿ ಬೆಂಕಿ ಆರಿದ ಮೇಲೂ ಚಿಕ್ಕಪ್ಪ ಆ ಊರಿನವರಿಂದ ನಾಲ್ಕು ಕೊಡ ಸಿಹಿನೀರು ಕೇಳಿ ಪಡೆದು, ಪಂಪನ್ನೂ ಕೊಳವೆಗಳನ್ನೂ ತೊಳೆಯುತ್ತಿದ್ದರು. ಬಾವಿಯಿಂದ ಸೇದಿ ಹೊತ್ತು ತಂದ ಹೆಂಗಸರು, "ಕುಡಿಯೋಕೆ ನೀರಿಲ್ದಾಗ ಗಾಡಿ ತೊಳೀತೀಯಲ್ಲಪ್ಪ" ಎಂದು ಬೈಯುತ್ತಲೇ ಕೊಡುತ್ತಿದ್ದರು. ಆ ದಿನ ಮಾತ್ರ ಅವರು ನೀರು ಕೇಳಲಿಲ್ಲ. ಸುಟ್ಟ ಮನೆಗಳ ಮುಂದೆ ನಿಂತು ಕೇಳಲು ಬಾಯಿ ಬಂದಿರಲಾರದು. ರಾಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬಂಡಿ ಹೊರಟುಹೋಯಿತು.

ನಾಲೆಯ ಮೇಲೆ ಇಂಜಿನ್ನು ಮುಕ್ಕಾಲು ಗಂಟೆ ನಿಲ್ಲದೆ ಓಡಿತು. ಮುಳ್ಳು ಕೆಂಪು ಗೆರೆಯ ಹತ್ತಿರಕ್ಕೂ ಹೋಗಲಿಲ್ಲ. ಶಿಷ್ಯ ಬಂಡಿಯನ್ನು ನಿಲ್ಲಿಸಿ, "ಸಾರ್, ಓಡಿಸೋರಿಗೆ ತಿಳಿಯೋ ಹಾಗೆ ಒಂದು ಫಲಕ ಬರ್ಕೊಡಿ. ನಿಮ್ಮ ಅಕ್ಷರ ಚೆನ್ನಾಗಿದೆ" ಎಂದ. ಕೈ ನಡುಗುತ್ತದೆಂದರೂ ಬಿಡಲಿಲ್ಲ. ಎರಡು ಸಾಲು ಬರೆದುಕೊಟ್ಟೆ. ಪಂಪು ಓಡುವಾಗ ಕೆಳಗಿನ ಧಾರೆಯನ್ನು ನೋಡುತ್ತಿರಬೇಕು. ಕೆಲಸ ಮುಗಿದ ಮೇಲೆ ಸಿಹಿನೀರಿನಿಂದ ತೊಳೆಯಬೇಕು.

ಅದನ್ನು ಅವನು ಚಾಲಕನ ಬಾಗಿಲಿನ ಒಳಬದಿಯಲ್ಲಿ, ಎಲೆಯಡಿಕೆ ಚೀಲದ ಆ ಕೊಕ್ಕೆಗೇ ತೂಗುಹಾಕಿದ್ದಾನೆ. ಹಿರಿಯೂರಿನ ಕಡೆ ಬಂದವರು ನೋಡಿಕೊಂಡು ಹೋಗಿ. ಕೋಟೆಯ ಹೊಂಡಗಳ ಲೇಖನವನ್ನು ಮುಂದೆ ಬರೆಯುತ್ತೇನೆ.